ಮೇಲ್ಮನೆಯ ಫೈರ್‌ವಾಲೂ ಕೆಳಮನೆಯ ಇಂಟರ್ನೆಟ್ಟೂ

ಏನೂ ಗೊತ್ತಿಲ್ಲದವನು ಮನೆಯ ಯಂತ್ರಗಳನ್ನು ಕೆಡಿಸುವುದಿಲ್ಲ. ಹೆದರಿ ದೂರ ನಿಲ್ಲುತ್ತಾನೆ. ಎಲ್ಲ ಬಲ್ಲವನೂ ಕೆಡಿಸುವುದಿಲ್ಲ. ಕೆಡಿಸುವವರು ಅಷ್ಟಿಷ್ಟು ತಿಳಿದುಕೊಂಡ ನನ್ನಂಥವರು. ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತನಾಗಿರುವ ನನಗೆ ಕಂಪ್ಯೂಟರಿನಲ್ಲಿ ನಟ್ಟು ಬೋಲ್ಟುಗಳ ಪಟ್ಟಿ ಮಾಡಲು ಬರುತ್ತದೆ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆಯಲೂ ಬರುತ್ತದೆ. ಇಷ್ಟರಿಂದಲೇ ವಿಭಾಗದಲ್ಲಿ ನನಗೆ ‘ಕಂಪ್ಯೂಟರ್ ಸಾರ್’ ಎಂಬ ಹೆಸರು ಬಿತ್ತು. ಹೆಸರಿಟ್ಟವರು ತಮಾಷೆಗೆ ಇಟ್ಟರು, ನಂಬಿದವನು ನಾನೊಬ್ಬನೇ.

ನಾನು ಹಾವೇರಿ ಕಡೆಯವನು. ಹೆಂಡತಿ ಅಲ್ಲೇ ಟೀಚರ್. ಹಾಗಾಗಿ ನನ್ನ ದಡ್ಡತನಗಳನ್ನು ಆಗಿಂದಾಗಲೇ ತಡೆಯುವವರು ಇಲ್ಲಿ ಯಾರೂ ಇಲ್ಲ. ಬಂಗಾರಪೇಟೆಯಲ್ಲಿ ವೆಂಕಟಲಕ್ಷ್ಮಮ್ಮನವರ ಮನೆಯ ಮೇಲಂತಸ್ತು ಬಾಡಿಗೆಗೆ ಹಿಡಿದಿದ್ದೇನೆ. ಬೆಳಿಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಸಂಜೆ ಅದರಲ್ಲೇ ಬರುತ್ತೇನೆ. ಕೆಳಗೆ ವೆಂಕಟಲಕ್ಷ್ಮಮ್ಮ, ಅವರ ನಾಲ್ಕು ಹಸು, ಸೊಸೆ ಶೋಭ. ಮಗ ಲಾರಿ ಓಡಿಸುತ್ತಾನೆ. ಮನೆಗಿಂತ ರಸ್ತೆಯ ಮೇಲೆ ಹೆಚ್ಚು ಇರುತ್ತಾನೆ. ಶೋಭ ಮದುವೆಯಾದ ಮೇಲೆ ಬಿ.ಎಡ್. ಮುಗಿಸಿದವಳು. ಹಾಲು ಕರೆದು, ಡೇರಿಗೆ ಹಾಕಿ ಬಂದು, ಲ್ಯಾಪ್‌ಟಾಪ್ ಮುಂದೆ ಕೂತು ಗಣಿತದ ಟೀಚರ್ ಕೆಲಸಗಳಿಗೆ ಅರ್ಜಿ ತುಂಬುತ್ತಿದ್ದಳು. ಮೊಬೈಲ್ ಸಿಗ್ನಲ್ ಆ ಮನೆಯೊಳಗೆ ನಿಲ್ಲುವುದಿಲ್ಲ. ಅವಳ ಅರ್ಜಿಗಳೆಲ್ಲ ನನ್ನ ಇಂಟರ್ನೆಟ್ಟಿನಿಂದಲೇ ಹೋಗುತ್ತಿದ್ದವು.

ಎರಡು ಮನೆಗೂ ಇಂಟರ್ನೆಟ್ ಹಂಚುತ್ತಿದ್ದ ಪೆಟ್ಟಿಗೆ ಒಂದು ಸಿಡಿಲಿಗೆ ಸುಟ್ಟುಹೋಗಿತ್ತು. ಹೊಸದು ಬರುವವರೆಗೆ ಎಂದು ನಾನೇ ಒಂದು ಏರ್ಪಾಡು ಮಾಡಿದ್ದೆ. ಹೊರಗಿನ ವೈರು ನನ್ನ ಕಂಪ್ಯೂಟರಿಗೆ ಬರುವುದು. ಅಲ್ಲಿಂದ ಇನ್ನೊಂದು ವೈರು ಕಿಟಕಿಯಿಂದ ಇಳಿದು ಶೋಭಳ ಲ್ಯಾಪ್‌ಟಾಪಿಗೆ ಹೋಗುವುದು. ಅದಕ್ಕಾಗಿ ನನ್ನ ಕಂಪ್ಯೂಟರನ್ನು ಹಗಲೂ ರಾತ್ರಿ ಆರಿಸದೆ ಇಡುತ್ತಿದ್ದೆ. ಏರ್ಪಾಡು ಕೆಲಸವನ್ನೂ ಮಾಡಿತು. ಅಂದು ವೆಂಕಟಲಕ್ಷ್ಮಮ್ಮ, “ಸಾರ್ ತಲೇನೇ ತಲೆ” ಎಂದರು. ಆ ಮಾತಿನ ಅಮಲು ನನಗೆ ಬಹಳ ದಿನ ಇಳಿಯಲಿಲ್ಲ.

ಅಮಲಿನಲ್ಲಿದ್ದವನಿಗೆ ಭಯ ಹುಟ್ಟಿಸಿದವನು ಸೆಲ್ವರಾಜ್. ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ಅವನು ಸ್ಟೋರ್ಸಿನಲ್ಲಿ ನನ್ನ ಪಕ್ಕದ ಮೇಜಿನವನು. ಊಟದ ಹೊತ್ತಿನಲ್ಲಿ, “ಸಾರ್, ಫೈರ್‌ವಾಲ್ ಯಾವ್ದು ಇಟ್ಟಿದೀರಾ? ಕಂಪ್ಯೂಟರ್ ಜೊತೆ ಬಂದಿದ್ದಾ? ಅದು ಸಾಲಲ್ಲ ಸಾರ್. ಕಳ್ಳ ಒಳಗೆ ಬಂದು ಕೂತ್ಕೊಂಡ್ರೂ ಗೊತ್ತಾಗಲ್ಲ. ಐಯೋ, ಡೇಂಜರ್!” ಎಂದ. ನನ್ನ ಕಂಪ್ಯೂಟರಿನಲ್ಲಿ ಕಳ್ಳ ಕದಿಯಬಹುದಾದದ್ದೇನಾದರೂ ಇದ್ದರೆ ಅದು ನನ್ನ ಜಾತಕ ಮತ್ತು ಮಜ್ಜಿಗೆ ಹುಳಿ ಮಾಡುವ ವಿಧಾನ. ಆದರೂ ಭಾನುವಾರ ಕೂತು ಇನ್ನೊಂದು ಫೈರ್‌ವಾಲ್ ಹಾಕಿಕೊಂಡೆ. ಅದು ಏನೇನೋ ಪ್ರಶ್ನೆ ಕೇಳಿತು. ಎಲ್ಲದಕ್ಕೂ ಅತ್ಯಂತ ಬಿಗಿಯಾದ ಉತ್ತರವನ್ನೇ ಒತ್ತಿದೆ. ಕಾವಲು ಎಂದರೆ ಕಾವಲು.

ಸೋಮವಾರ ಸಂಜೆ ಶೋಭ ಮೆಟ್ಟಿಲ ಬುಡದಲ್ಲಿ ನಿಂತು, “ಸಾರ್, ನೆಟ್ ಬರ್ತಿಲ್ಲ” ಎಂದಳು. ನನ್ನದು ಚೆನ್ನಾಗಿಯೇ ಬರುತ್ತಿತ್ತು. “ನಿಮ್ಮ ಲ್ಯಾಪ್‌ಟಾಪ್ ಹಳೇದಮ್ಮ” ಎಂದೆ. ಮಂಗಳವಾರ ವೈರನ್ನು ಹಸು ಕಡಿದಿರಬೇಕು ಎಂದೆ. ಪಾಪ, ಆ ಹಸು ವೈರಿನಿಂದ ಹತ್ತು ಮಾರು ದೂರದಲ್ಲಿ ಮೆಲುಕು ಹಾಕುತ್ತಿತ್ತು. ಬುಧವಾರ ಇಂಟರ್ನೆಟ್ ಕಂಪನಿಯನ್ನು ಬೈದೆ. ನನ್ನ ಕಂಪ್ಯೂಟರನ್ನು ಮಾತ್ರ ಒಮ್ಮೆಯೂ ಅನುಮಾನಿಸಲಿಲ್ಲ. ಅನುಮಾನಿಸುವುದೆಂದರೆ ‘ಕಂಪ್ಯೂಟರ್ ಸಾರ್’ನನ್ನೇ ಅನುಮಾನಿಸಿದಂತೆ.

ಶುಕ್ರವಾರ ರೈಲಿಳಿದು ಬಂದಾಗ ವೆಂಕಟಲಕ್ಷ್ಮಮ್ಮ ಗೇಟಿನಲ್ಲೇ ನಿಂತಿದ್ದರು. ಮುಖ ಗಂಟಿಕ್ಕಿತ್ತು.

“ಸಾರ್, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ. ಓದ್ ವಾರ ನೀವು, ಶೋಭ ಪಾಠದ ವಿಡಿಯೋ ನೋಡಿದ್ರೆ ನಿಮ್ ನೆಟ್ಟು ನಿಧಾನ ಆಯ್ತದೆ ಅಂದಿದ್ರಿ. ಅದಕ್ಕೇನಾ ಕಟ್ ಮಾಡಿದ್ದು?”

“ಅಯ್ಯೋ, ಇಲ್ಲಮ್ಮ!”

“ಕಟ್ ಮಾಡ್ಬೇಕಂದ್ರೆ ಬಾಯ್ಬಿಟ್ಟು ಏಳ್ಬೋದಿತ್ತು ಸಾರ್. ನಾಳೆ ಅನ್ನೊಂದು ಗಂಟೆಗೆ ಅವಳ್ದು ಇಂಟರ್‌ವ್ಯೂ, ಕಂಪ್ಯೂಟರ್‌ನಲ್ಲೇ ಅಂತೆ. ವಸಿ ದಿನದಿಂದ ಸರ್ಯಾಗಿ ಉಣ್ತಾ ಇಲ್ಲ ಆ ಹುಡುಗಿ.”

ಅಷ್ಟು ಹೇಳಿ ಕೊಟ್ಟಿಗೆಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅಂಥ ಮನುಷ್ಯನೂ ಇರಬಹುದು ಎಂದು ಅವರು ಐದು ದಿನ ಯೋಚಿಸಿದ್ದರಲ್ಲ, ಅದು ಚುಚ್ಚಿತು. ನೆಟ್ಟು ನಿಧಾನವೆಂದು ನಾನು ಗೊಣಗಿದ್ದೂ ಸುಳ್ಳಲ್ಲ. ಚಪ್ಪಲಿಯನ್ನೂ ಬಿಡದೆ ಮೇಲೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಹೊಸ ಫೈರ್‌ವಾಲಿನಲ್ಲಿ ‘ತಡೆದವುಗಳ ಪಟ್ಟಿ’ ಎಂಬ ಒಂದು ಪುಟವಿತ್ತು. ಎಷ್ಟು ಕಳ್ಳರನ್ನು ಹಿಡಿದಿದೆ ನೋಡೋಣವೆಂದು ಅದನ್ನು ತೆರೆದೆ.

ಪಟ್ಟಿಯ ತುಂಬ ಒಂದೇ ಹೆಸರು: ಶೋಭಳ ಲ್ಯಾಪ್‌ಟಾಪಿನದು. ಸೋಮವಾರ ಬೆಳಿಗ್ಗೆ ಆರೂವರೆ, ತಡೆಯಲಾಗಿದೆ. ಎಂಟು, ಡೇರಿಯಿಂದ ಬಂದ ಮೇಲಿರಬೇಕು, ತಡೆಯಲಾಗಿದೆ. ಮಧ್ಯಾಹ್ನ, ಸಂಜೆ, ಮರುದಿನ, ಅದರ ಮರುದಿನ, ತಡೆಯಲಾಗಿದೆ, ತಡೆಯಲಾಗಿದೆ. ಐದು ದಿನ ಅವಳು ಬಾಗಿಲು ತಟ್ಟುತ್ತಲೇ ಇದ್ದಳು. ನನ್ನ ಕಾವಲುಗಾರ ಹಿಡಿದ ಏಕೈಕ ಕಳ್ಳ, ಕೆಳಮನೆಯ ಸೊಸೆ.

ಟೆರೇಸಿಗೆ ಹೋಗಿ ಸೆಲ್ವರಾಜನಿಗೆ ಫೋನ್ ಮಾಡಿದೆ. “ಹಳೇದು ಆಫ್ ಮಾಡಿಲ್ವಾ ಸಾರ್?” ಎಂದ. “ಎರಡು ಫೈರ್‌ವಾಲ್ ಒಟ್ಟಿಗೆ ಇಟ್ರೆ ಒಂದಕ್ಕೊಂದು ಸಂಡೆ ಸಾರ್, ಜಗಳ. ಒಂದು ಬಿಡು ಅಂದ್ರೆ ಇನ್ನೊಂದು ಬಿಡಲ್ಲ. ಒಂದು ತೆಗೀರಿ. ಕೆಳಗಿನ ವೈರು ಯಾವ್ದು ಅಂತ ಕೇಳಿತ್ತಲ್ಲ, ಮನೇದು ಅಂತ ಹಾಕಿದ್ರಾ, ಹೊರಗಿನವರದು ಅಂತ ಹಾಕಿದ್ರಾ?”

“ಹೊರಗಿನವರದು.”

“ಯಾಕೆ ಸಾರ್?”

“ಆಮೇಲೆ ಮಾಡ್ತೀನಿ” ಎಂದು ಫೋನ್ ಇಟ್ಟೆ. ಆ ಮನೆಯ ಹಾಲು ಕುಡಿದು, ಆ ಮನೆಯ ಬಾವಿಯ ನೀರಲ್ಲಿ ಮಿಂದು, ಯಂತ್ರ ಕೇಳಿದಾಗ ಹೊರಗಿನವರು ಎಂದು ಒತ್ತಿದ್ದೆ. ಒಳಗೆ ಬಂದು ಹೊಸ ಫೈರ್‌ವಾಲನ್ನು ಕಿತ್ತುಹಾಕಿದೆ, ಹಳೆಯದರಲ್ಲಿ ಕೆಳಗಿನ ವೈರನ್ನು ‘ಮನೆಯದು’ ಎಂದು ಇನ್ನೊಮ್ಮೆ ಒತ್ತಿದೆ. ಕೆಳಗಿನಿಂದ ಶೋಭಳ ದನಿ ಕೇಳಿತು: “ಅತ್ತೇ, ಬಂತು! ನೆಟ್ ಬಂತು!”

ವೆಂಕಟಲಕ್ಷ್ಮಮ್ಮ ಅಂಗಳದಿಂದ ಕತ್ತೆತ್ತಿ, “ಏನಾಗಿತ್ತಂತೆ ಸಾರ್?” ಎಂದರು. ನಿಜ ಹೇಳಲು ಅದು ಬಹಳ ಒಳ್ಳೆಯ ಗಳಿಗೆ. ನಾನು ಕೆಮ್ಮಿ, “ಕಂಪನಿ ಕಡೆ ತೊಂದರೆ ಅಮ್ಮ. ನಾನೇ ಕೂತು ಸರಿ ಮಾಡಿದೆ” ಎಂದೆ. ಅವರು ಕೈ ಮುಗಿದರು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಮರುದಿನ ಸಂದರ್ಶನ ಒಮ್ಮೆಯೂ ತಡವರಿಸದೆ ನಡೆಯಿತು. ಮುಂದಿನ ವಾರ ಶೋಭಳಿಗೆ ಕೆಲಸ ಸಿಕ್ಕಿತೆಂದು ಪತ್ರ ಬಂತು. ಅದೇ ವಾರ ಒಂದು ಹಸು ಕರು ಹಾಕಿತ್ತು. ವೆಂಕಟಲಕ್ಷ್ಮಮ್ಮ ಒಂದು ತಟ್ಟೆ ಗಿಣ್ಣು ಹಿಡಿದು ಮೆಟ್ಟಿಲು ಹತ್ತಿ ಬಂದರು. ಮಂಡಿ ನೋವೆಂದು ಎಂದೂ ಹತ್ತದವರು. “ನಿಮ್ಮಿಂದಾನೇ ಸಾರ್” ಎಂದರು.

ನನಗೆ ತಡೆಯಲಾಗಲಿಲ್ಲ. “ಅಮ್ಮ, ತಪ್ಪು ಕಂಪನಿಯದಲ್ಲ. ನಂದು. ನಾನೇ ಕೆಡಿಸಿ ನಾನೇ ಸರಿ ಮಾಡಿದ್ದು” ಎಂದೆ.

“ಗೊತ್ತು ಬುಡಿ ಸಾರ್” ಎಂದು ಅವರು ತಟ್ಟೆಯನ್ನು ನನ್ನತ್ತ ಸರಿಸಿದರು. “ನೀವು ಟೆರೇಸ್‌ನಾಗೆ ಫೋನಲ್ಲಿ ಮಾತಾಡಿದ್ದು ಕೇಳಿಸ್ಕೊಂಡು ಶೋಭ ಅವತ್ತೇ ಏಳಿದ್ಲು. ‘ಸಾರ್‌ಗೆ ಸುಳ್ಳೇಳಕ್ಕೂ ಬರಲ್ಲ ಕಣತ್ತೆ, ಪಾಪ’ ಅಂದ್ಲು. ತಿನ್ರಿ, ಆರೋಯ್ತದೆ.”

ಗಿಣ್ಣು ಬಹಳ ಚೆನ್ನಾಗಿತ್ತು. ಒಂದು ವಾರ ನಿದ್ದೆಗೆಟ್ಟು ನಾನು ಕಾಪಾಡಿದ್ದ ಗುಟ್ಟು ಕೊಟ್ಟಿಗೆಯ ಹಸುಗಳಿಗೂ ಗೊತ್ತಿತ್ತೆಂದು ತಿಳಿದ ಮೇಲೂ, ಎರಡನೇ ಸಲ ಬಡಿಸಿಕೊಂಡೆ.