ವಿಮಾನ ಹತ್ತದ ಚಿಕ್ಕಮ್ಮ

ಕರೋನಾ ನಮ್ಮನ್ನೆಲ್ಲ ಹೆದರಿಸಿತು, ನಿಜ. ಆದರೆ ಕರೋನಾವನ್ನೇ ಹೆದರಿಸಿದವರು ಯಾರಾದರೂ ಇದ್ದರೆ ಅದು ನನ್ನ ಚಿಕ್ಕಮ್ಮ! ಮೈಸೂರಿನ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಎರಡು ತಿಂಗಳಿಗೆಂದು ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನ್‌ನ ನಮ್ಮ ಮನೆಗೆ ಬಂದರು, ವಿಮಾನಗಳು ನಿಂತುಹೋದವು. ಅದೇ ಹೊತ್ತಿಗೆ ಮೈಸೂರಿನಲ್ಲಿ ನನ್ನ ಅಮ್ಮ, ಅಂದರೆ ಅವರ ಅಕ್ಕ, ತೀರಿಕೊಂಡಳು. ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದೆ, ಮ್ಯೂಟ್ ಹಾಕಿಕೊಂಡು. ಅಳು ಬರಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂತವಳು ಹೊಸ್ತಿಲು ದಾಟಲೇ ಇಲ್ಲ.

ಕೊನೆಗೊಮ್ಮೆ ಚಿಕ್ಕಮ್ಮನಿಗೆ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ಕುಣಿದಾಡಬೇಕಿತ್ತಲ್ಲವೇ?

"ನಾನು ಹೋಗಲ್ಲ. ಡ್ರೆಂಥೆ ಸೀಮೆಯ ಹಳೇ ಕಲ್ಲುಗಳನ್ನ ನೋಡ್ದೆ ಈ ದೇಶ ಬಿಡಲ್ಲ."

"ಈ ಸೀಟ್ ಬಿಟ್ರೆ ಮತ್ತೆ ಯಾವಾಗ ಸಿಗುತ್ತೋ ಚಿಕ್ಕಮ್ಮ!" ನನ್ನ ಗಂಡ ಕೈಮುಗಿದರು.

"ವಿಮಾನ ಕಾಯತ್ತೆ ಕಣಪ್ಪ. ಆ ಕಲ್ಲುಗಳು ಐದು ಸಾವಿರ ವರ್ಷದಿಂದ ಕಾದಿವೆ, ಇನ್ನೆಷ್ಟು ಅಂತ ಕಾಯ್ಬೇಕು?"

ಇದೆಂಥ ತರ್ಕ, ನೀವೇ ಹೇಳಿ! ಸೀಟು ಬೇರೆಯವರ ಪಾಲಾಯಿತು. ದಾರಿಯಲ್ಲಿ ತಂಗಲು ಟೆಂಟು ಬಂತು. ಚಿಕ್ಕಮ್ಮನಿಗೆ ಕಾರು ಓಡಿಸಲು ಬಾರದು, ಗಂಡನಿಗೆ ಮೀಟಿಂಗು. ಗೊಣಗುತ್ತಲೇ ನಾನು ಸ್ಟೀರಿಂಗ್ ಹಿಡಿದೆ.

ಎರಡು ಗಂಟೆಯ ದಾರಿಗೆ ನಮಗೆ ಹಿಡಿದದ್ದು ಮೂರು ದಿನ! ಗಾಳಿಯಂತ್ರ ಕಂಡರೆ "ನಿಲ್ಸು", ಕುರಿಮಂದೆ ಕಂಡರೆ "ನಿಲ್ಸು". ಮೊದಲ ಕ್ಯಾಂಪಿಂಗ್ ಮೈದಾನದಲ್ಲಿ ಬೆಳಿಗ್ಗೆಯೇ ಕುಕ್ಕರ್ ಇಟ್ಟರು. ಮೊದಲ ವಿಸಲ್ಲಿಗೇ ಅಕ್ಕಪಕ್ಕದ ಟೆಂಟಿನವರೆಲ್ಲ ಪೈಜಾಮದಲ್ಲಿ ಹೊರಬಂದರು. ಮಾಲೀಕ ಓಡಿಬಂದು, ಒಂದೂವರೆ ಮೀಟರ್ ದೂರ ನಿಂತು, "ಇದೇನು ಸದ್ದು?" ಎಂದ.

ಚಿಕ್ಕಮ್ಮ ಸೌಟು ಎತ್ತಿದರು. "ರೈಸ್! ಟೂ ಮೋರ್ ವಿಸಲ್ಸ್. ವೆಯ್ಟ್!"

ಪಾಪ, ಆತ ಕಾದ. ಬಿಸಿಬೇಳೆಬಾತನ್ನೂ ಒಂದೂವರೆ ಮೀಟರ್ ದೂರದಲ್ಲೇ ನಿಂತು ತಿಂದ.

ಮೂರನೆಯ ದಿನ ಆ ಕಲ್ಲುಗಳ ಮುಂದೆ ನಿಂತೆವು. ಹಳೆಯ ಕಾಲದ ಜನ ತಮ್ಮವರ ಸಮಾಧಿಗೆಂದು ಪೇರಿಸಿದ ಹೆಬ್ಬಂಡೆಗಳು. ಚಿಕ್ಕಮ್ಮ ಚೀಲದಿಂದ ಬಾಳೆಲೆ ತೆಗೆದು ಬಂಡೆಯ ಮೇಲೆ ಹಾಸಿದರು. ಪುಳಿಯೋಗರೆ ಬಡಿಸಿದರು, ಅಮ್ಮನಿಗೆ ಪ್ರಾಣವಾಗಿದ್ದ ಕೋಡುಬಳೆ ಇಟ್ಟರು.

"ಚಿಕ್ಕಮ್ಮ! ಇದು ಸ್ಮಾರಕ, ಫೈನ್ ಹಾಕ್ತಾರೆ!"

"ಹಾಕ್ಲಿ."

"ಎಡೆ ಇಡೋದು ಗಂಡುಮಕ್ಕಳಲ್ವಾ?"

"ನಿಮ್ಮಮ್ಮ ಹೆತ್ತಿದ್ದು ನಿನ್ನೊಬ್ಬಳನ್ನ. ಇನ್ಯಾವನಿಗೆ ಕಾಯ್ಲಿ?"

ಮೊದಲು ಬಂದದ್ದು ಯಾರದೋ ನಾಯಿ. "ನಿಂಗಲ್ಲ ಕಣೋ!" ಎಂದು ಚಿಕ್ಕಮ್ಮ ಗದರಿದರು. ಡಚ್ ನಾಯಿಗೂ ಟೀಚರ ದನಿ ಅರ್ಥವಾಗುತ್ತದೆ, ಹಿಂದೆ ಸರಿಯಿತು. ಆಮೇಲೆ ಓಕ್ ಮರಕ್ಕೆ ಒಂದು ಕಾಗೆ ಬಂತು. ಕೂತಿತು. ಇಳಿಯಲೇ ಇಲ್ಲ. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎನ್ನುತ್ತಾರಲ್ಲ, ನಾನು ಕಾಗೆಯಿಂದ ಕಣ್ಣು ಕೀಳಲಿಲ್ಲ.

"ಯಾಕೆ ಅಕ್ಕ, ಕೋಡುಬಳೆ ಗರಿಗರಿ ಆಗಿಲ್ವೇನೇ?" ಚಿಕ್ಕಮ್ಮ ಮರದತ್ತ ನೋಡಿ ರೇಗಿದರು. ಕಾಗೆ ಅಲುಗಲಿಲ್ಲ. ಆಗ ಅವರು ದನಿ ತಗ್ಗಿಸಿದರು. "ನಿನ್ನ ಮಗಳನ್ನ ಹೀಗೆ ಬಿಟ್ಟು ಹೋಗ್ತೀನಾ? ಅದಕ್ಕೇ ಕಣೇ ಸೀಟ್ ಬಿಟ್ಟಿದ್ದು. ಇವಳು ಸರಿಹೋಗೋವರೆಗೂ ನಾನು ವಿಮಾನ ಹತ್ತಲ್ಲ. ತಿನ್ನೇ ಅಕ್ಕ."

ಕಾಗೆ ಇಳಿಯಿತು. ಕೋಡುಬಳೆ ಕಚ್ಚಿಕೊಂಡು ಹಾರಿತು.

ನನ್ನ ಬಾಯಿಂದ "ಅಮ್ಮಾ" ಎಂಬ ಕೂಗು ಹೊರಟದ್ದು ನನಗೇ ತಿಳಿಯಲಿಲ್ಲ. ದಾರಿಹೋಕರು ತಿರುಗಿ ನೋಡಿದರು. ನಾನು ಚಿಕ್ಕಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಲು ಹೋದರೆ ಅವರು ಅದನ್ನು ಹಿಂದಕ್ಕೆ ಎಳೆದುಕೊಂಡರು.

"ಜೋರಾಗಿ ಅಳು ಕಣೆ," ಎಂದರು. "ಇಲ್ಲಿ ಮ್ಯೂಟ್ ಇಲ್ಲ."