ಅರೇಯ ತಲೆಯ ಖಾಲಿ ಜಾಗ

ಸತ್ತವರ ವಿಷಯದಲ್ಲಿ ನಗಬಾರದು ಅನ್ನುತ್ತಾರೆ. ಆದರೆ ನಗು ಬರುವಂಥದ್ದು ನಡೆಯುತ್ತಲೇ ಇರುತ್ತದೆ, ಅದಕ್ಕೆ ಸೂತಕವಿಲ್ಲ.

೧. ಟವೆಲ್

ನಾನು ಶಿರಸಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಗೆಳೆಯ ಯಲ್ಲಾಪುರದಲ್ಲಿ ಲಾರಿ ಬುಕಿಂಗ್ ಆಫೀಸು ನಡೆಸುತ್ತಿದ್ದ, ಓದಿದ್ದು ಪಿಯುಸಿ. ಬಿಡುವಿದ್ದಾಗ, ಯಾರು ಬೇಕಾದರೂ ತೆರೆದು ತಿದ್ದಬಹುದಾದ ಒಂದು ಪ್ರೋಗ್ರಾಮಿಂಗ್ ಭಾಷೆಯ ಇಂಟರ್‌ಪ್ರಿಟರ್, ಅಂದರೆ ಬರೆದ ಪ್ರೋಗ್ರಾಮನ್ನು ಓಡಿಸುವ ಯಂತ್ರಾಂಗ, ಬಿಚ್ಚಿ ಓದುತ್ತಿದ್ದ. ಅದರೊಳಗೆ ಅರೇ, ಅಂದರೆ ಸಾಲಾಗಿ ಜೋಡಿಸಿಟ್ಟ ಮಾಹಿತಿ, ಹೇಗಿರುತ್ತದೆಂದು ಅವನನ್ನೇ ಕೇಳಿದೆ. ಸಿದ್ದಾಪುರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿಗೆ ನನ್ನನ್ನು ಹತ್ತಿಸಿದ.

"ಕೂತವರು ಎಂಟು. ಟವೆಲ್ ಹಾಕಿಟ್ಟ ಸೀಟು ನಾಲ್ಕು. ಅರೇನೂ ಹೀಗೇ, ಮುಂದೆ ಬರೋರಿಗೆ ಜಾಗ ಹಿಡಿದಿಟ್ಟಿರ್ತದೆ."

ತೋರಿಸಲೆಂದು ಒಂದು ಟವೆಲ್ ಎತ್ತಿದ. ಕಿಟಕಿಯ ಹೊರಗಿಂದ ಹೆಂಗಸೊಬ್ಬರು ಕೂಗಿದರು: "ಏ ತಮಾ, ಟವೆಲ್ ಎಂತಕ್ಕೆ ಎತ್ತಿದ್ದು?"

"ಪಾಠ ನಡೀತಾ ಇದೆ ಅಕ್ಕಾ."

"ಪಾಠ ನಿಂತ್ಕಂಡು ಮಾಡು. ಸೀಟು ನಂದು."

೨. ವಿದ್ಯಾರ್ಹತೆ

ಅವನು ಹೃದಯಾಘಾತದಿಂದ ಹೋದ ಮೂರನೇ ವಾರ ಅವನ ಹೆಂಡತಿ ಮನೆಗೆ ಕರೆಸಿದರು. ಅವನು ಆ ಭಾಷೆ ನೋಡಿಕೊಳ್ಳುವವರಿಗೆ ಕಳಿಸಿದ ತಿದ್ದುಪಡಿಯೊಂದು ಒಪ್ಪಿಗೆಗೆ ಬಾಕಿ ಇತ್ತು. ಅರೇಯ ಮೊದಲನೆಯದನ್ನು ತೆಗೆದರೆ ಉಳಿದವು ಮುಂದೆ ಸರಿಯುವುದಿಲ್ಲ. ಎಣಿಕೆ ಎರಡನೆಯದರಿಂದ ಶುರುವಾಗುತ್ತದೆ. ಹೋದದ್ದರ ಜಾಗ ಹಾಗೇ ಖಾಲಿ. ಆ ಜಾಗ ಬಿಡಿಸಿ ಮತ್ತೆ ಬಳಕೆಗೆ ಕೊಡುವ ಮೂವತ್ತು ಸಾಲು ಕೋಡ್ ಬರೆದಿದ್ದ. ಅವರ ಕಡೆಯ ಪರಿಶೀಲಕ ಒಂದು ಸಾಲು ತೋರಿಸಿ 'ಇದು ಏಕೆ?' ಎಂದು ಕೇಳಿದ್ದ. ತಿಂಗಳೊಳಗೆ ಉತ್ತರ ಬಾರದಿದ್ದರೆ ತಿದ್ದುಪಡಿ ರದ್ದು.

"ರದ್ದಾದ್ರೆ ಆ ಭಾಷೆ ಕಟ್ಟಿದವ್ರ ಪಟ್ಟಿಗೆ ಅವರ ಹೆಸರು ಬರೂದಿಲ್ಲ ಸರ್. ಅದೊಂದು ಆಸೆ ಇತ್ತು ಅವರಿಗೆ. ನೀವು ಎಂ.ಎಸ್ಸಿ. ಅಲ್ವಾ, ನಿಮಗೆ ಗೊತ್ತಿರ್ತದೆ."

"ನಾನು ಬರೀ ಕಲಿಸುವವನು, ಭಾಭಿ."

"ಕಲಿಸ್ಲಿಕ್ಕೆ ಗೊತ್ತಿರ್ಬೇಕಲ್ಲ?"

"ಕಡ್ಡಾಯವೇನಿಲ್ಲ."

೩. ಸಿಲಬಸ್

ಆ ಸಾಲನ್ನು ಅಳಿಸಿ ಓಡಿಸಿದೆ, ಇಂಟರ್‌ಪ್ರಿಟರ್ ಕುಸಿಯಿತು. ಮರಳಿ ಹಾಕಿದೆ, ನಡೆಯಿತು. ಯಾಕೆಂದು ಹೊಳೆಯಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ.

"ಇದು ಸಿಲಬಸ್‌ನಲ್ಲಿದೆಯಾ?"

"ಇಲ್ಲ ಸರ್."

"ಮತ್ತೆ ಎಂತಕ್ಕೆ ಅರ್ಥ ಮಾಡ್ಕೊಳ್ತೀರಿ? ಆರೋಗ್ಯ ನೋಡ್ಕೊಳ್ಳಿ."

೪. ಹತ್ತಿರದ ಊರು

ಗಡುವಿಗೆ ಎರಡು ದಿನ ಉಳಿದಾಗ, ಆ ಭಾಷೆಯವರು ಸೇರುವ ಅಂತರ್ಜಾಲ ಚಾವಡಿಯಲ್ಲಿ ನನ್ನ ಹೆಸರಿನಲ್ಲೇ ಕೇಳಿದೆ: ಈ ಸಾಲು ಏಕೆ ಬೇಕು, ಯಾರಾದರೂ ವಿವರಿಸುವಿರಾ? ಹತ್ತು ನಿಮಿಷದಲ್ಲಿ ಉತ್ತರ ಬಂತು. ಬರೆದವನು ಅದೇ ಪರಿಶೀಲಕ. ಭಾಭಿಗೆ ಕನ್ನಡದಲ್ಲಿ ಓದಿ ಹೇಳಿದೆ:

'ನನಗೂ ಅರ್ಥವಾಗಿಲ್ಲ. ಇಲ್ಲಿ ಅರೇಯ ಈ ಭಾಗ ಬಲ್ಲವರು ಇದನ್ನು ಬರೆದವರೊಬ್ಬರೇ. ನಿಮ್ಮಿಬ್ಬರ ಖಾತೆಯಲ್ಲಿರುವ ಊರು ನಕಾಶೆಯಲ್ಲಿ ನೋಡಿದೆ, ನಿಮ್ಮ ಊರಿಗೆ ಅವರ ಊರು ಹತ್ತಿರ. ದಯವಿಟ್ಟು ಹೋಗಿ ಕೇಳಿ. ನನ್ನ ಪರವಾಗಿಯೂ.'

ಭಾಭಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅವರಿಲ್ಲ ಅಂತ ಬರೆದುಬಿಡ್ಲಾ?" ಅಂದೆ.

"ಬೇಡ ಸರ್. ಈ ಊರಲ್ಲಿ ಎಲ್ಲರಿಗೂ ಹೇಳಿ ಆಯ್ತು. ಅಲ್ಲೊಂದು ಕಡೆಯಾದ್ರೂ ಅವರು ಇರ್ಲಿ."

'ಮನೆಗೆ ಹೋಗಿದ್ದೆ. ಅವರಿಗೆ ಸ್ವಲ್ಪ ಸಮಯ ಬೇಕಂತೆ' ಎಂದು ಬರೆದೆ.

ಪರಿಶೀಲಕ ಸಜ್ಜನ. ಆ ದಿನವೇ ಗಡುವು ತೆಗೆದುಹಾಕಿದ. ಅವಸರವಿಲ್ಲವಂತೆ; ಅವರೇ ಬಂದು ಹೇಳುವವರೆಗೆ ಕಾಯುತ್ತಾನಂತೆ.