ಮೇಲಿನ ಮನೆಯ ಎಂಟು ಏಟು

ಮೇಲಿನ ಮನೆಯವರು ಸದ್ದು ಮಾಡುತ್ತಾರೆ ಎಂದು ಗೊಣಗುವವರು ಮಲ್ಲೇಶ್ವರದಲ್ಲಿ ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಆಂಡಾಳಮ್ಮನ ಕೊರಗು ಅದಲ್ಲ. ಅವರ ಮೇಲಿನ ಮನೆಯವರು ಒಂಬತ್ತು ದಿನದಿಂದ ಸದ್ದನ್ನೇ ಮಾಡಿರಲಿಲ್ಲ.

ಕುಕ್ಕರ್ ಕೂಗಿರಲಿಲ್ಲ. ಮಿಕ್ಸಿ ತಿರುಗಿರಲಿಲ್ಲ. "ನನ್ನ ಸಾಕ್ಸ್ ಎಲ್ಲಿ?" ಎಂದು ಆ ಗಂಡಸು ಅಬ್ಬರಿಸಿರಲಿಲ್ಲ. ಅದೆಲ್ಲ ಹಾಳಾಗಲಿ, ಸಂಜೆ ಆರಾದರೆ ತಪ್ಪದೆ ಬೀಳುತ್ತಿದ್ದ ಏಟು ಬಿದ್ದಿರಲಿಲ್ಲ. ಆ ಹೆಣ್ಣುಮಗು ಅತ್ತಿರಲಿಲ್ಲ.

"ಏನ್ರೀ, ಆ ಮಗು ಇದೆಯೋ ಇಲ್ವೋ?" ಎಂದರು ಆಂಡಾಳಮ್ಮ, ಕಾಫಿ ಲೋಟವನ್ನು ಗಂಡನ ಮುಂದೆ ಕುಕ್ಕಿ.

"ಆಂ?" ಎಂದರು ಚಕ್ರಪಾಣಿ.

"ಮೇಲಿನ ಮನೆ ಮಗು! ಇದೆಯೋ! ಇಲ್ವೋ!"

ಚಕ್ರಪಾಣಿ ಟೆಲಿಫೋನ್ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಅವರು ನಿವೃತ್ತರಾದ ಮಾರನೆಯ ವರ್ಷವೇ ಅವರ ಎರಡು ಕಿವಿಗಳೂ ಸ್ವಯಂನಿವೃತ್ತಿ ಪಡೆದವು. ಕಿವಿಗೆ ಹಾಕುವ ಯಂತ್ರ ಮನೆಯಲ್ಲಿದೆ. (ಬ್ಯಾಟರಿ ಸುಮ್ಮನೆ ಖರ್ಚಾಗಬಾರದೆಂದು ಅದು ಬೀರುವಿನಲ್ಲಿ, ಡಬ್ಬಿಯೊಳಗೆ, ಹತ್ತಿಯ ಮೇಲೆ ಮಲಗಿದೆ.)

ಆಂಡಾಳಮ್ಮ ಓದಿದ್ದು ನಾಲ್ಕನೆಯ ಕ್ಲಾಸು. ಅವರ ಕಿವಿ ಮಾತ್ರ ಎಂ.ಎ. ಪಾಸಾಗಿತ್ತು. ಅದಕ್ಕೆ ಕಾಲೇಜಾಗಿ ಒದಗಿದ್ದು ಅಡುಗೆಮನೆಯ ಕಿಟಕಿ. ಆ ಕಟ್ಟಡದ ನಾಲ್ಕು ಮಹಡಿಯ ಅಡುಗೆಮನೆಗಳೂ ಬಾವಿಯಂಥ ಒಂದೇ ಸಂದಿಗೆ ಬಾಯಿ ತೆರೆದುಕೊಂಡಿವೆ. ಕಟ್ಟಿದವನು ಅದನ್ನು ಗಾಳಿಗೆಂದು ಬಿಟ್ಟಿದ್ದನಂತೆ. ಗಾಳಿ ಬಂದದ್ದನ್ನು ಕಂಡವರಿಲ್ಲ. ಒಗ್ಗರಣೆಯ ಘಾಟು, ಪಾತ್ರೆ ಬಿದ್ದ ಸದ್ದು, ಗಂಡ ಹೆಂಡಿರ ಮುನಿಸು, ಮಕ್ಕಳ ಮಗ್ಗಿ, ಉಳಿದದ್ದೆಲ್ಲ ಬರುತ್ತದೆ.

ಹಾಗೆ ಬಂದದ್ದನ್ನು ಆಯ್ದು, ಕೇರಿ, ಒಪ್ಪಮಾಡಿ ಆಂಡಾಳಮ್ಮ ಮೇಲಿನ ಮನೆಯ ಸಮಗ್ರ ಚರಿತ್ರೆಯನ್ನೇ ರಚಿಸಿದ್ದರು. ಗಂಡ ಕೇದಾರ್, ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ, ಕೋಪಿಷ್ಠ. ಹೆಂಡತಿ ಮೀನಾ, ಸಾರಿಗೆ ಇಂಗು ಹಾಕುವುದರಲ್ಲಿ ಜಿಪುಣಿ. ಮಗಳು ಶರಣ್ಯ, ಹಾಲು ಕಂಡರಾಗದು. ಪ್ರತಿದಿನ ಬೆಳಿಗ್ಗೆ ಅಡುಗೆಮನೆಯಲ್ಲೇ, ಕಾಫಿಯ ಹೊತ್ತಿಗೆ ಈ ಚರಿತ್ರೆಯ ಹೊಸ ಅಧ್ಯಾಯವನ್ನು ಅವರು ಗಂಡನಿಗೆ ಒಪ್ಪಿಸುತ್ತಿದ್ದರು. ಮೂರು ವರ್ಷದಿಂದ ಒಂದು ದಿನವೂ ತಪ್ಪಿರಲಿಲ್ಲ.

ಇಷ್ಟಿದ್ದೂ ಆ ಮೂವರ ಮುಖ ಅವರಿಗೆ ಗೊತ್ತಿರಲಿಲ್ಲ. ಮಂಡಿನೋವಿನ ಆಂಡಾಳಮ್ಮ ಲಿಫ್ಟ್ ಹತ್ತುತ್ತಿದ್ದುದು ಏಕಾದಶಿಗೆ ದೇವಸ್ಥಾನಕ್ಕೆ ಹೋಗುವಾಗ. ಅದರೊಳಗೆ ನಿಂತವರೆಲ್ಲ ತಲೆ ತಗ್ಗಿಸಿ ಫೋನು ನೋಡುತ್ತಿದ್ದರು. ಬೈತಲೆಗಳು ಕಾಣುತ್ತಿದ್ದವು. ಮುಖಗಳು ಕಾಣುತ್ತಿರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಅವರು ಚಾಮರಾಜಪೇಟೆಯ ವಠಾರದಲ್ಲಿದ್ದರು. ಆರು ಮನೆ, ಒಂದು ನಲ್ಲಿ. ನೀರು ಹಿಡಿಯಲು ಒಬ್ಬಳು ಬಾರದಿದ್ದರೆ ಉಳಿದ ಐವರು ಬಾಗಿಲಿಗೆ ಬಂದು "ಯಾಕೇ, ಮೈಗೆ ಸರಿಯಿಲ್ವಾ?" ಎನ್ನುತ್ತಿದ್ದರು. ಆಗ ಅದು ಅವರಿಗೆ ಹಿಂಸೆಯಾಗಿ ಕಂಡಿತ್ತು. ಒಂದು ದಿನ ಸುಮ್ಮನೆ ಮುಸುಕು ಹೊದ್ದು ಮಲಗುವ ಹಾಗಿರಲಿಲ್ಲ. ನಮ್ಮದೇ ಬಾಗಿಲು, ನಮ್ಮದೇ ನಲ್ಲಿ ಇರುವ ಮನೆ ಬೇಕು ಎಂದು ಹಟ ಹಿಡಿದವರು ಅವರೇ. ಈಗ ಮನೆಯೊಳಗೆ ಐದು ನಲ್ಲಿಗಳಿವೆ. ಬಾಗಿಲಿಗೆ ಬಂದು ಕೇಳುವವರು ಮಾತ್ರ ಯಾರೂ ಇಲ್ಲ.

"ನಾನು ಹೇಳ್ತಾನೇ ಇದ್ದೆ!" ಆಂಡಾಳಮ್ಮ ಸ್ವರ ಏರಿಸಿದರು. "ಅವಳು ಆ ಮಗೂಗೆ ದಿನಾ ಹೊಡೀತಿದ್ಲು! ಕೋಲು ತೊಗೊಂಡು! ಅದೂ ಹೇಗೆ? ಎಣಿಸಿ ಎಣಿಸಿ ಎಂಟು ಏಟು. ಸ್ವಲ್ಪ ನಿಲ್ಸೋದು. ಮತ್ತೆ ಎಂಟು. ಒಂಬತ್ತನೇದು ಒಂದು ದಿನಾನೂ ಬಿದ್ದಿಲ್ಲ. ಹೊಡೆಯೋದ್ರಲ್ಲೂ ಒಂದು ಶಿಸ್ತು ನೋಡಿ, ರಾಕ್ಷಸಿಗೆ!"

"ನಮಗ್ಯಾಕೇ ಊರ ಉಸಾಬರಿ?"

"ಮಗು 'ಸಾಕಮ್ಮಾ, ನೋಯತ್ತೆ' ಅಂತ ಅಳೋದು ಈ ಕಿವೀಲಿ ಕೇಳಿದೀನಿ. ಈಗ ಒಂಬತ್ತು ದಿನದಿಂದ ಉಸಿರೇ ಇಲ್ಲ. ಹೆಚ್ಚುಕಮ್ಮಿ ಆಗಿದ್ರೆ?"

"ಊರಿಗೆ ಹೋಗಿರ್ತಾರೆ."

"ಒಗ್ಗರಣೆ ವಾಸನೆ ಬರ್ತಿದೆ. ಊರಿಗೆ ಹೋದೋರು ಒಗ್ಗರಣೆ ಇಲ್ಲಿಗೆ ಕಳಿಸ್ತಾರಾ?"

ಚಕ್ರಪಾಣಿ ಲೋಟ ಕೆಳಗಿಟ್ಟರು. "ಇದು ಬೆಂಗಳೂರು ಕಣೇ," ಎಂದರು. "ಕೇಳಿಸಿದ್ರೂ ಕೇಳಿಸದ ಹಾಗೆ ಇರಬೇಕು."

"ನಿಮಗೇನು, ಸುಲಭ," ಎಂದರು ಆಂಡಾಳಮ್ಮ.

ಆದರೂ ಆ ಮಾತು ಅವರನ್ನು ಚುಚ್ಚಿತು. ಮೂರು ವರ್ಷ ಕೇಳಿಸಿಕೊಂಡೆ, ಮಾಡಿದ್ದೇನು? ಮಗು ಅಳುತ್ತಿದ್ದಾಗ ಒಂದೇ ಒಂದು ಸಲ ಹದಿನೆಂಟು ಮೆಟ್ಟಿಲು ಹತ್ತಿ ಬಾಗಿಲು ತಟ್ಟಲಿಲ್ಲ. ಇಲ್ಲೇ ಕುಳಿತು ಏಟು ಎಣಿಸಿದೆ. ಮಗುವಿಗೆ ಏನಾದರೂ ಆಗಿದ್ದರೆ ಹೊಡೆದವಳಷ್ಟೇ ಪಾಲು ಎಣಿಸಿದವಳದ್ದೂ ಅಲ್ಲವೇ? ಅರ್ಧ ಲೋಟ ಕಾಫಿ ಬಿಟ್ಟು ಎದ್ದರು.

ಅಂದು ಭಾನುವಾರ. ಆಂಡಾಳಮ್ಮ ಪುಳಿಯೋಗರೆ ಕಲೆಸಿದರು. (ಜೀವ ಉಳಿಸಲು ಹೋಗುವಾಗಲೂ ಬರಿಗೈಯಲ್ಲಿ ಹೋಗುವುದು ಅವರ ಮನೆತನದಲ್ಲಿಲ್ಲ.) ಸ್ಟೀಲ್ ಡಬ್ಬಿಗೆ ತುಂಬಿದರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಲಿಫ್ಟಿಗೆ ಕಾಯದೆ, ಮಂಡಿಯ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲಿನ ಮನೆಯ ಬಾಗಿಲಿಗೆ ಕಿವಿಯಾನಿಸಿದರು. ಒಳಗೆ ಯಾವ ಸದ್ದೂ ಇಲ್ಲ. ಗಂಟೆ ಒತ್ತಿದರು. ಅದೂ ಸದ್ದು ಮಾಡಲಿಲ್ಲ. ಕೊನೆಗೆ ಅಂಗೈಯಲ್ಲಿ ಬಾಗಿಲು ಬಡಿದರು.

ಬಾಗಿಲು ತೆರೆದವಳು ಮೂವತ್ತೈದರ ಒಬ್ಬ ಹೆಂಗಸು. ತೆಳ್ಳಗಿನ ಮೈ, ಹಣೆಯಲ್ಲಿ ವಿಭೂತಿ. ರಾಕ್ಷಸಿಯ ಒಂದು ಲಕ್ಷಣವೂ ಇಲ್ಲ. ಅವಳ ಹಿಂದೆ ನಡುಮನೆಯಲ್ಲಿ ನಾಲ್ಕು ಮಡಿಕೆ ಹಾಕಿದ ರಜಾಯಿ. ಅದರ ಮೇಲೆ ಎಂಟು ವರ್ಷದ ಹೆಣ್ಣುಮಗು, ಸೊಂಟಕ್ಕೆ ದುಪಟ್ಟಾ ಬಿಗಿದು, ಕಾಲಿಗೆ ಸಾಕ್ಸ್ ತೊಟ್ಟು, ಮಂಡಿ ಬಗ್ಗಿಸಿ ನಿಂತಿತ್ತು. ಇತ್ತು!

ಆಂಡಾಳಮ್ಮ ಪರಿಚಯ ಹೇಳುವುದನ್ನೂ ಮರೆತು ಒಳಗೆ ನುಗ್ಗಿ, ಡಬ್ಬಿ ಕೆಳಗಿಟ್ಟು, ಮಗುವಿನ ಅಂಗೈ ತಿರುಗಿಸಿ ನೋಡಿದರು. ತೋಳು ನೋಡಿದರು. ಮೀನಖಂಡ ಸವರಿದರು. ಬಾಸುಂಡೆ ಇಲ್ಲ, ಗಾಯವಿಲ್ಲ.

"ಅಜ್ಜಿ," ಎಂದಿತು ಮಗು ಕಣ್ಣರಳಿಸಿ, "ನೀವೇನಾ ಕೆಳಗಿನ ಮನೆ ರೇಡಿಯೋ?"

"ಶರಣ್ಯಾ!" ಎಂದಳು ಮೀನಾ.

"ಅಪ್ಪಾನೇ ಅಲ್ವಾ ಹಾಗನ್ನೋದು? ಧ್ವನಿ ಅದೇ ಅಮ್ಮಾ!"

ಆಂಡಾಳಮ್ಮ ಮಗುವಿನ ಕಾಲು ಹಿಡಿದಂತೆಯೇ ಕುಳಿತುಬಿಟ್ಟರು. ಮಾತು ಮೇಲಿನಿಂದ ಕೆಳಗೆ ಬರುವ ಹಾಗೆ ಕೆಳಗಿನಿಂದ ಮೇಲಕ್ಕೂ ಹೋಗಬಹುದು ಎಂಬ ಭೌತಶಾಸ್ತ್ರ ಅವರ ನಾಲ್ಕನೆಯ ಕ್ಲಾಸಿನ ಪುಸ್ತಕದಲ್ಲಿರಲಿಲ್ಲ. ಅದೂ ಕಿವುಡರಿಗೆಂದು ಕೂಗಿ ಹೇಳಿದ ಮಾತು!

"ಎಲ್ಲಾ ಕೇಳಿಸ್ತಿತ್ತೇನಮ್ಮಾ?" ಎಂದರು ಸಣ್ಣ ದನಿಯಲ್ಲಿ.

"ಮೂರು ವರ್ಷದಿಂದ, ಆಂಟಿ." ಮೀನಾ ಎದುರಿಗೆ ಕುಳಿತಳು. "ನಮಗೂ ಅಭ್ಯಾಸ ಆಗಿತ್ತು. ಇಂಗು ಸಾಲ್ದು ಅಂದ್ರಿ, ಜಾಸ್ತಿ ಹಾಕಿದೆ. ನಮ್ಮ ಯಜಮಾನ್ರನ್ನ ಕೋಪಿಷ್ಠ ಅಂದ್ರಿ. ಸದ್ಯ, ನಾನಲ್ಲದೆ ಇನ್ನೊಬ್ರೂ ಹೇಳಿದ್ರಲ್ಲ ಅಂತ ಖುಷೀನೇ ಆಯ್ತು. ಆದ್ರೆ ಹತ್ತು ದಿನದ ಹಿಂದೆ ರಾಕ್ಷಸಿ ಅಂದ್ರಿ. ಮಗೂನ ಕೋಲಲ್ಲಿ ಹೊಡೀತಾಳೆ, ಪೊಲೀಸ್ ಕರೀಬೇಕು ಅಂದ್ರಿ." ಅವಳು ಮಗಳ ಕೈ ಹಿಡಿದುಕೊಂಡಳು. "ಇವಳ ಮೇಲೆ ಇವತ್ತಿನವರೆಗೂ ನಾನು ಕೈ ಎತ್ತಿಲ್ಲ ಆಂಟಿ."

"ಮತ್ತೆ ಆ ಎಂಟೆಂಟು ಏಟು?"

ಮೀನಾ ಎದ್ದು ಮೂಲೆಯಿಂದ ಒಂದು ಮರದ ಮಣೆ, ಒಂದು ಗಿಡ್ಡ ಕೋಲು ತಂದಿಟ್ಟಳು. "ಭರತನಾಟ್ಯ. ಮುಂದಿನ ವಾರ ಇವಳದ್ದು ಸ್ಟೇಜ್ ಇದೆ. ನಾನು ಮಣೆ ಮೇಲೆ ತಾಳ ಹಾಕ್ತೀನಿ, ಇವಳು ಕಾಲು ತಟ್ಟಬೇಕು. ಅರ್ಧ ಗಂಟೆ ಆದ್ರೆ ಕಾಲು ನೋವು ಅಂತ ಅಳ್ತಾಳೆ. ಆದಿತಾಳಕ್ಕೆ ಎಂಟೇ ಅಲ್ವಾ ಆಂಟಿ?"

ಅಯ್ಯೋ! ನಲವತ್ತು ವರ್ಷ ರಾಮೋತ್ಸವದ ಸಂಗೀತ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತೊಡೆ ತಟ್ಟಿದ ಆಂಡಾಳಮ್ಮ! ಎಂ.ಎ. ಪಾಸಾದ ಕಿವಿ!

"ಬಂದು ಹೇಳಬಾರದಿತ್ತಾ, ಮಗಳೇ?"

"ನೀವು ಬಂದು ಕೇಳಬಹುದಿತ್ತಲ್ವಾ?" ಎಂದಳು ಮೀನಾ. ಕೋಪದಿಂದಲ್ಲ, ಮೆಲ್ಲಗೆ. "ನಾನು ಎರಡು ದಿನ ಅತ್ತೆ. ಬಿಲ್ಡಿಂಗ್‌ನೋರೆಲ್ಲ ನನ್ನ ಹಾಗೇ ತಿಳ್ಕೊಂಡಿರ್ತಾರೆ ಅಂತ ಲಿಫ್ಟಲ್ಲಿ ತಲೆ ಎತ್ತೋಕೇ ನಾಚಿಕೆ. ಸದ್ದೇ ಬೇಡ ಅಂತ ಅನ್ನಕ್ಕೆ ಕರೆಂಟ್ ಕುಕ್ಕರ್ ತಂದ್ವಿ. ಬೆಲ್ ವೈರ್ ಬಿಚ್ಚಿಸಿದ್ವಿ. ಇವರು ಸಾಕ್ಸ್ ತಾವೇ ಹುಡುಕ್ಕೊಳ್ತಾರೆ. ಇವಳು ರಜಾಯಿ ಮೇಲೆ ಕುಣೀತಾಳೆ. ಟೀಚರ್ ಬೈತಿದಾರೆ, ಕಾಲಿಗೆ ಬಲವೇ ಇಲ್ಲ ಅಂತ."

ಆಂಡಾಳಮ್ಮನಿಗೆ ತಲೆ ಎತ್ತಲಾಗಲಿಲ್ಲ. ಲಿಫ್ಟಿನಲ್ಲಿ ತಾವು ಕಂಡ ಬೈತಲೆಗಳಲ್ಲಿ ಇವಳದ್ದು ಯಾವುದೋ. ಪಟ್ಟಣದವರಿಗೆ ಜಂಬ ಎಂದುಕೊಂಡಿದ್ದರು. ತಗ್ಗಿದ ಒಂದೊಂದು ತಲೆಗೂ ಒಂದೊಂದು ಕಾರಣವಿದ್ದೀತು ಎಂದು ಅವರಿಗೆ ಹೊಳೆದಿರಲಿಲ್ಲ. ಎಷ್ಟು ಕೇಳಿಸಿಕೊಂಡಿದ್ದೆ, ಎಷ್ಟು ಕಡಿಮೆ ತಿಳಿದಿದ್ದೆ!

"ತಪ್ಪಾಯ್ತು ಕಣಮ್ಮಾ," ಎಂದು ಅವಳ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಬಗ್ಗಿ ಆ ರಜಾಯಿಯನ್ನು ತಾವೇ ಮಡಿಸಿ ಬದಿಗಿಟ್ಟರು. "ಕುಣಿ ಮಗೂ. ಕೆಳಗಿನ ಮನೆ ಸೂರು ಉದುರೋ ಹಾಗೆ ಕುಣಿ."

ಇಳಿದು ಬಂದಾಗ ಚಕ್ರಪಾಣಿ ಅಡುಗೆಮನೆಯಲ್ಲೇ, ಕಿಟಕಿಯ ಪಕ್ಕದಲ್ಲೇ ಕುಳಿತಿದ್ದರು. ಹೆಂಡತಿಯನ್ನು ಒಬ್ಬಳೇ ಕಳಿಸಿದ ಚಿಂತೆ ಅವರ ಗಂಟಲಿಗೆ ಇನ್ನಷ್ಟು ಶಕ್ತಿ ಕೊಟ್ಟಿತ್ತು.

"ಏನಾಯ್ತೇ? ಹೊಡೀತಾಳಾ ಇಲ್ವಾ?"

"ಶ್!" ಎಂದು ಆಂಡಾಳಮ್ಮ ಅವರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಡ್ಯಾನ್ಸು."

"ಕೇಳಿಸ್ತಿಲ್ಲ! ಜೋರಾಗಿ ಹೇಳು! ದಿನಾ ಊರಿಗೆಲ್ಲ ಕೇಳೋ ಹಾಗೆ ಹೇಳೋಳಿಗೆ ಇವತ್ತು ಏನು ಬಂತು?"

ಆಂಡಾಳಮ್ಮ ಎರಡೂ ಕೈಯಿಂದ ಗಂಡನ ಬಾಯಿ ಮುಚ್ಚಿದರು. ಚಕ್ರಪಾಣಿ ಆ ಕೈ ಸರಿಸಿ, "ಆ ಮಗು ಬದುಕಿದೆಯೇನೇ?" ಎಂದು ಕಿಟಕಿ ಅದುರುವಂತೆ ಕೂಗಿದರು.

ಮೇಲಿನಿಂದ ಸಂದಿಯೊಳಗೆ ಮೀನಾಳ ದನಿ ಇಳಿದು ಬಂತು. "ಬದುಕಿದಾಳೆ ಅಂಕಲ್! ಹೊಡಿಯಲ್ಲ! ಅದು ಭರತನಾಟ್ಯ! ಆಂಟಿ ಕೊಟ್ಟ ಪುಳಿಯೋಗರೆ ತಿಂತಿದಾಳೆ!"

ಆಂಡಾಳಮ್ಮ ಉಸಿರು ಬಿಡುವಷ್ಟರಲ್ಲಿ ಕೆಳಗಿನಿಂದ, ಅವರು ಎಂದೂ ಕಿವಿಗೊಟ್ಟಿರದ ಒಂದು ಗಂಡುದನಿ ಮೇಲೇರಿತು. "ಅಬ್ಬಾ, ಸದ್ಯ! ಒಂಬತ್ತು ದಿನದಿಂದ ನಮ್ಮ ಮನೇಲೂ ಊಟ ಸೇರ್ತಿರಲಿಲ್ಲ!"

ಹಿಂದೆಯೇ ತುತ್ತತುದಿಯ ಮಹಡಿಯಿಂದ ಯಾರೋ ಮುದುಕಿ, "ಹಾಗಾದ್ರೆ ಪೊಲೀಸ್ ಬೇಡ್ವಂತಾ?" ಎಂದು ಕೇಳಿದಳು.

ಆಂಡಾಳಮ್ಮನ ಮುಖ ಹುಣಸೆಹಣ್ಣಿನಂತಾಯಿತು. ಕಿಟಕಿ ಮುಚ್ಚಲು ಕೈ ಚಾಚಿದವರು, ಏನೆನ್ನಿಸಿತೋ, ಮುಚ್ಚಲಿಲ್ಲ. ಸರಳಿಗೆ ಹಣೆ ಆನಿಸಿ ಕೆಳಗೆ ಬಗ್ಗಿ, ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಆ ಸಂದಿಗೆ ಒಂದು ಪ್ರಶ್ನೆ ಕೇಳಿದರು.

"ಸ್ವಾಮಿ, ತಾವು ಯಾರು?"

"ನಾನು ದೇವಯ್ಯ ಅಂತಮ್ಮಾ, ಗ್ರೌಂಡ್ ಫ್ಲೋರು," ಎಂದಿತು ದನಿ. "ನಮ್ಮ ಮನೇಲಿ ಪೇಪರ್ ತರ್ಸೋದು ನಿಲ್ಲಿಸಿ ಎರಡು ವರ್ಷ ಆಯ್ತು. ನಾಳೆ ಬೆಳಿಗ್ಗೆ ನಿಮ್ಮ ವಾರ್ತೆ ಇರತ್ತೆ ತಾನೇ?"